ಹಂಸಕ್ಕೆ ಹಾಲು ಕುಡಿಸಲು ಹೋದದ್ದು

ಹೊಸಪೇಟೆಯಲ್ಲಿ ಭೂಗೋಳ ತಿಳಿದವನು ನಾನೊಬ್ಬನೇ ಎಂದು ನಾನೇ ಹೇಳಿಕೊಂಡರೆ ಜಂಭವಾಗುತ್ತದೆ. ಆದ್ದರಿಂದ ಹೇಳುವುದಿಲ್ಲ. ಆದರೆ ಹದಿನೈದು ವರ್ಷ ಭೂಗೋಳದ ಪಾಠ ಮಾಡಿದ ಮೇಷ್ಟ್ರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದು ಸತ್ಯ. ಸತ್ಯ ಹೇಳುವುದಕ್ಕೆ ಸಂಕೋಚವೇಕೆ?

ಆಗ ನಾವಿನ್ನೂ ಬ್ರಿಟಿಷರ ಮದರಾಸು ಪ್ರಾಂತ್ಯದ ಪ್ರಜೆಗಳು. ತುಂಗಭದ್ರೆಗೆ ಅಣೆಕಟ್ಟು ಬಂದಿರಲಿಲ್ಲ. ಊರಿನ ಪಾರ್ಕಿಗೆ ನಾನು ಗೌರವ ಕಾರ್ಯದರ್ಶಿಯಾಗಿದ್ದೆ. ಆ ಪಾರ್ಕಿನಲ್ಲಿ ನಾಲ್ಕು ಕಲ್ಲಿನ ಬೆಂಚು, ಒಂದು ಬೇವಿನ ಮರ ಮತ್ತು ನನ್ನ ಕೊಳ ಇದ್ದವು.

ಕೊಳ ಎಂದರೆ ಅಂಥಿಂಥ ಕೊಳವಲ್ಲ. ನಾನು ಹುಟ್ಟಿ ಬೆಳೆದದ್ದು ಸಂಡೂರಿನ ಆಚೆ, ಚೋರನೂರಿನಲ್ಲಿ. ಅದು ಒಣ ಸೀಮೆ. ಚಿಕ್ಕಂದಿನಲ್ಲಿ ನಾನು ನಿಂತ ನೀರನ್ನು ಕಂಡದ್ದು ಕೊಡದಲ್ಲಿ ಮಾತ್ರ. ಪುಸ್ತಕದಲ್ಲಿ 'ದ್ವೀಪ' ಎಂದು ಓದಿ, ಅದು ಹೇಗಿರುತ್ತದೋ ಎಂದು ರೊಟ್ಟಿಯ ತುಂಡನ್ನು ಸಾರಿನಲ್ಲಿ ಇಟ್ಟು ನೋಡಿ ಅವ್ವನ ಕೈಯಲ್ಲಿ ಏಟು ತಿಂದವನು ನಾನು. ನನ್ನ ಶಾಲೆಯ ಮಕ್ಕಳಿಗೆ ಆ ಗತಿ ಬರಬಾರದು ಎಂದು ಊರೆಲ್ಲ ಕಾಡಿ ಬೇಡಿ ಪಾರ್ಕಿನಲ್ಲಿ ಮೂವತ್ತು ಅಡಿ ಅಗಲದ ಕೊಳ ತೋಡಿಸಿದ್ದೆ. ಅದರ ನಡುವೆ ಒಂದು ದ್ವೀಪ. ಪೂರ್ವಕ್ಕೆ ಒಂದು ಪರ್ಯಾಯ ದ್ವೀಪ. ದಕ್ಷಿಣಕ್ಕೆ ಕೊಲ್ಲಿ. ಪಶ್ಚಿಮಕ್ಕೆ ಜಲಸಂಧಿ. ಅದನ್ನು ನೋಡಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತಿತ್ತು. ನೋಡಿದ ಉಳಿದವರಿಗೆ ಸೊಳ್ಳೆ ಕಚ್ಚುತ್ತಿತ್ತು.

ಮುನಿಸಿಪಾಲಿಟಿಯ ಚೇರ್ಮನ್ನರು ನಮ್ಮ ಓಣಿಯವರೇ. ಒಂದು ದಿನ ಅವರು ನನ್ನನ್ನು ತಡೆದು ನಿಲ್ಲಿಸಿದರು.

"ಮೇಷ್ಟ್ರ, ನಿಮ್ಮ ಭೂಗೋಳದಾಗ ಸೊಳ್ಳಿ ಭಾಳ ಆಗ್ಯಾವ್ರಿ. ಊರಾಗ ಅರ್ಧ ಮಂದಿ ಚಳಿಜ್ವರ ಅಂತ ಮಲಗ್ಯಾರ. ಸೋಮವಾರ ಮೀಟಿಂಗ್ ಐತಿ. ಯಶವಂತನಗರದ ಕಡಿಂದ ಅದಿರು ತರೋ ಲಾರಿಯವರಿಗೆ ಹೇಳೀನಿ. ನಾಕು ಲಾರಿ ಮಣ್ಣು ತಂದು ಹಾಕಿದ್ರ ಹೊಂಡ ಮುಚ್ಚಿ ಹೊಕ್ಕೈತಿ."

ಹೊಂಡ! ನನ್ನ ಹಿಂದೂ ಮಹಾಸಾಗರವನ್ನು ಅವರು ಹೊಂಡ ಎಂದರು! ನಾನು ಆ ರಾತ್ರಿ ಊಟ ಮಾಡಲಿಲ್ಲ. ಅಂದರೆ, ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಮರುದಿನ, ಗುರುವಾರ ಬೆಳಿಗ್ಗೆ, ಕೊನೆಯ ದರ್ಶನವೆಂಬಂತೆ ಕೊಳದ ಕಡೆ ಹೋದೆ. ಹೋಗಿ ನೋಡುತ್ತೇನೆ, ನನ್ನ ದ್ವೀಪದ ಮೇಲೆ ಒಂದು ಪಕ್ಷಿ ನಿಂತಿದೆ! ಬೂದು ಮೈ. ಬಿಳಿಯ ತಲೆ, ಅದರ ಹಿಂಭಾಗದಲ್ಲಿ ಮಸಿಯಿಂದ ಎಳೆದ ಹಾಗೆ ಎರಡು ಕಪ್ಪು ಪಟ್ಟೆ. ಕೇಸರಿ ಬಣ್ಣದ ಕಾಲು. ಬಾತುಕೋಳಿಗಿಂತ ದೊಡ್ಡದು. ನಿಂತ ಠೀವಿ ನೋಡಿದರೆ ತಾಸೀಲ್ದಾರರೂ ನಾಚಬೇಕು.

ಶಾಲೆಗೆ ಓಡಿದೆ. ಅಲ್ಲಿ ಬೀರುವಿನಲ್ಲಿ ಯಾವುದೋ ಕಾಲದ ಒಂದು ಇಂಗ್ಲಿಷ್ ಪಕ್ಷಿಪುಸ್ತಕವಿತ್ತು. ಹಾಳೆ ಮಗುಚಿದೆ. ಅದೇ ಬಣ್ಣ, ಅದೇ ಎರಡು ಪಟ್ಟೆ! ಕೆಳಗೆ ಹೀಗೆ ಬರೆದಿತ್ತು: 'ಈ ಕಾಡು ಹೆಬ್ಬಾತು ಹಿಮಾಲಯದಾಚೆ, ಮಾನಸ ಸರೋವರದ ಸುತ್ತಿನಲ್ಲಿ ಮರಿ ಮಾಡುತ್ತದೆ. ಚಳಿಗಾಲದಲ್ಲಿ ಇದು…' ಅಲ್ಲಿಂದ ಮುಂದಿನ ಅರ್ಧ ಪುಟವನ್ನು ಗೆದ್ದಲು ತಿಂದಿತ್ತು. ತಿಂದರೆ ತಿನ್ನಲಿ, ನನಗೆ ಬೇಕಾದದ್ದು ಸಿಕ್ಕಿತ್ತು. ಮಾನಸ ಸರೋವರ! ಮಾನಸ ಸರೋವರದಲ್ಲಿ ಇರುವುದು ಯಾವುದು? ಹಂಸ! ಸಾಕ್ಷಾತ್ ಸರಸ್ವತಿಯ ವಾಹನ ಹಿಮಾಲಯ ದಾಟಿ, ಎಲ್ಲ ಬಿಟ್ಟು ಹೊಸಪೇಟೆಯ ನನ್ನ ಕೊಳಕ್ಕೆ ಬಂದಿದೆ!

ಮನೆಗೆ ಹಾರಿಕೊಂಡು ಬಂದೆ. ನಮ್ಮಾಕೆ ಪಾರ್ವತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಏ ಇವಳ, ಪಾರ್ಕಿನಾಗ ಹಂಸ ಬಂದೈತಿ!"

"ಏನ್ ಬಂದೈತಿ?"

ನಾನು ಪಕ್ಷಿಯ ಮೈ, ತಲೆ, ಕಾಲು ಎಲ್ಲವನ್ನೂ ವರ್ಣಿಸಿದೆ. ಅವಳ ಕೈ ರೊಟ್ಟಿಯ ಮೇಲೆ ನಿಂತಿತು.

"ತಲಿ ಮ್ಯಾಗ ಎರಡು ಕರಿ ಪಟ್ಟಿ ಅದಾವೇನ್ರಿ? ಅಯ್ಯ, ನಮ್ಮ ಕಂಪ್ಲ್ಯಾಗ…"

"ಈಗ ಕಂಪ್ಲಿ ಸುದ್ದಿ ತಗೀಬ್ಯಾಡ!" ಎಂದೆ. ಅವಳ ತವರುಮನೆ ಕಂಪ್ಲಿ. ಅದರ ಸುದ್ದಿ ಶುರುವಾದರೆ ಗದ್ದೆ, ಕಾಲುವೆ, ಕಬ್ಬು, ಅವಳ ಅಣ್ಣ, ಅವನ ಎತ್ತು ಎಲ್ಲ ಮುಗಿಯಲು ಮಧ್ಯಾಹ್ನವಾಗುತ್ತದೆ. ನನಗೆ ಕಾಗದ ಬರೆಯುವುದಿತ್ತು.

ಕಾಗದ ಸಬ್‌ಕಲೆಕ್ಟರ್ ದೊರೆಗೆ. ಈ ದೊರೆಗೆ ಹಕ್ಕಿಗಳ ಹುಚ್ಚು ಎಂದು ಊರಿಗೆಲ್ಲ ಗೊತ್ತಿತ್ತು. ಕೊರಳಲ್ಲಿ ದುರ್ಬೀನು ಹಾಕಿಕೊಂಡು ಕಂಡ ಕಂಡ ಕೆರೆಯ ಏರಿಯ ಮೇಲೆ ತಿರುಗುತ್ತಿದ್ದರು. ನಾನು ನನ್ನ ಬಳಿ ಇದ್ದ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಮೂರು ಪುಟ ಬರೆದೆ. 'ಈ ಪ್ರಾಂತ್ಯದಲ್ಲಿ ಇದುವರೆಗೆ ಯಾವ ಕಣ್ಣೂ ಕಾಣದ ಅತ್ಯಪೂರ್ವ ಕಾಡು ಹೆಬ್ಬಾತು, ಘನತೆವೆತ್ತ ತಮ್ಮ ಆಡಳಿತದ ಕೀರ್ತಿಯನ್ನು ಕೇಳಿಯೇ ಎಂಬಂತೆ ನಮ್ಮ ಪಾರ್ಕಿಗೆ ಚಿತ್ತೈಸಿದೆ' ಎಂದೆಲ್ಲ ಬರೆದೆ. ಮೂರು ಪುಟದಲ್ಲಿ ಆ ಹಕ್ಕಿಯ ಬಣ್ಣ ಯಾವುದು ಎಂದು ಒಂದು ಮಾತೂ ಬರೆದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಸಂಜೆಗೇ ಡವಾಲಿ ಜವಾನ ಉತ್ತರ ತಂದ. 'ಭಾನುವಾರ ಬೆಳಿಗ್ಗೆ ಏಳೂವರೆಗೆ ಬರುತ್ತೇನೆ. ದಯವಿಟ್ಟು ಪಕ್ಷಿಯನ್ನು ಗಾಬರಿಪಡಿಸಬೇಡಿ.'

ಆ ಕಾಗದವನ್ನು ಚೇರ್ಮನ್ನರಿಗೆ ತೋರಿಸಿದೆ. ಅವರು ಎರಡು ಸಲ ಓದಿ, ಕೋಟಿನ ಗುಂಡಿ ಹಾಕಿಕೊಂಡರು.

"ದೊರಿ ನೋಡಿ ಚಲೋ ಐತಿ ಅಂದ್ರ ಹೊಂಡ, ಅಲ್ಲಲ್ಲ, ಕೊಳ ಇರ್ಲಿ ಮೇಷ್ಟ್ರ. ಸುತ್ತಲೂ ಕಬ್ಬಿಣದ ಸರಳಿನ ಕಟಾಂಜನಾನೂ ಹಾಕಸೋಣು. ಇಲ್ಲಾಂದ್ರ ಸೋಮವಾರ ಲಾರಿ ಬರ್ತಾವು."

ನನ್ನ ಕೊಳದ ಹಣೆಬರಹ ಈಗ ಒಂದು ಹಕ್ಕಿಯ ಕೈಯಲ್ಲಿತ್ತು. ಹಕ್ಕಿ ಭಾನುವಾರದವರೆಗೆ ಅಲ್ಲೇ ಇರಬೇಕು, ಅಷ್ಟೇ. ನಾನು ಸುಮ್ಮನೆ ಮನೆಯಲ್ಲಿ ಕುಳಿತಿದ್ದರೆ ಅದು ಇದ್ದೇ ಇರುತ್ತಿತ್ತು. ಆದರೆ ಸುಮ್ಮನಿರುವುದು ಭೂಗೋಳದ ಮೇಷ್ಟ್ರ ಜಾತಕದಲ್ಲೇ ಇಲ್ಲ. ಶುಕ್ರವಾರ ಬೆಳಿಗ್ಗೆ ಬೇವಿನ ಮರದ ಕೆಳಗೆ ನಿಂತು, ಬಂದವರಿಗೆಲ್ಲ ಹಂಸದ ಮಹಿಮೆಯ ಬಗ್ಗೆ ಭಾಷಣ ಮಾಡಿದೆ. ಹಾಲಿಗೆ ನೀರು ಬೆರೆಸಿ ಇಟ್ಟರೆ ಹಂಸವು ಹಾಲನ್ನು ಮಾತ್ರ ಕುಡಿದು ನೀರನ್ನು ಬಿಡುತ್ತದೆ ಎಂದೂ ಹೇಳಿದೆ. ಅಷ್ಟು ಹೇಳಬಾರದಾಗಿತ್ತು!

ಮಧ್ಯಾಹ್ನದ ಹೊತ್ತಿಗೆ ಊರಿನ ಹೆಂಗಸರೆಲ್ಲ ಪಾರ್ಕಿಗೆ ಬಂದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಹಾಲಿನ ತಂಬಿಗೆ. ಭಕ್ತಿಯೆಂದುಕೊಂಡು ನನಗೆ ಸಂತೋಷವಾಯಿತು. ಆದರೆ ಅವರು ಬಂದದ್ದು ಭಕ್ತಿಯಿಂದಲ್ಲ. ಗವಳಿ ಮಲ್ಲಪ್ಪ ಹಾಲಿಗೆ ಎಷ್ಟು ನೀರು ಹಾಕುತ್ತಾನೆ ಎಂದು ಪತ್ತೆ ಮಾಡಲು! ಹಂಸ ಹಾಲು ಕುಡಿದಾದ ಮೇಲೆ ತಂಬಿಗೆಯಲ್ಲಿ ಉಳಿದ ನೀರನ್ನು ಸೇರಿನಲ್ಲಿ ಅಳೆದು ಮಲ್ಲಪ್ಪನ ಮುಖಕ್ಕೆ ಹಿಡಿಯುವುದು ಅವರ ಯೋಜನೆ.

ಹದಿನೇಳು ತಂಬಿಗೆಗಳು ದಡದ ಮೇಲೆ ಸಾಲಾಗಿ ಕುಳಿತವು. ಹಂಸ ದ್ವೀಪದ ಮೇಲೆ ನಿಂತು ಒಮ್ಮೆ ನೋಡಿತು. ಕತ್ತು ತಿರುಗಿಸಿ ಬೆನ್ನು ಕೆರೆದುಕೊಂಡಿತು. ಒಂದು ಗಂಟೆಯಾಯಿತು, ಎರಡು ಗಂಟೆಯಾಯಿತು, ಯಾವ ತಂಬಿಗೆಯನ್ನೂ ಮುಟ್ಟಲಿಲ್ಲ. ಕೊನೆಗೆ ಚೇರ್ಮನ್ನರ ತಾಯಿ ಎದ್ದು ನಿಂತು ತೀರ್ಪು ಕೊಟ್ಟರು. ಎಂಬತ್ತರ ಮುದುಕಿ, ಧ್ವನಿ ಮಾತ್ರ ಪೊಲೀಸ್ ಠಾಣೆಗೆ ಕೇಳಿಸುವಂಥದ್ದು.

"ಹಂಸ ಹಾಲಿದ್ರ ಕುಡೀತಿತ್ತು. ಮುಟ್ಟಾಕೂ ಬರಲಿಲ್ಲ ಅಂದ್ರ ಇದರಾಗ ಹಾಲು ಅನ್ನೋದಾ ಇಲ್ರೆವ್ವಾ! ಎಲ್ಲಾ ನೀರ!"

ಎಂಥ ತರ್ಕ! ಹೆಂಗಸರೆಲ್ಲ ಅಲ್ಲಿಂದ ನೇರವಾಗಿ ಮಲ್ಲಪ್ಪನ ಮನೆಗೆ ಹೋದರು.

ಸಂಜೆ ಪಾರ್ವತಿ ಮೆಲ್ಲಗೆ ಹೇಳಿದಳು. "ಅದು ಹಾಲು ಕುಡಿಯಾಂಗಿಲ್ರಿ. ನೆನಸಿದ ನೆಲ್ಲು ಹಾಕ್ರಿ, ಹೆಂಗ ತಿಂತೈತಿ ನೋಡ್ರಿ. ನಮ್ಮ ಅಣ್ಣನ ಗದ್ಯಾಗ…"

"ಸರಸ್ವತಿ ವಾಹನ ನಿಮ್ಮಣ್ಣನ ನೆಲ್ಲು ತಿನ್ನಾಕ ಹಿಮಾಲಯ ದಾಟಿ ಬಂದೈತೇನು? ಸುಮ್ಮನಿರು!" ಎಂದೆ. ಅವಳು ಒಲೆಯ ಕಡೆ ತಿರುಗಿದಳು. ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗುವಿತ್ತು. ನಾನು ಗಮನಿಸಲಿಲ್ಲ.

ಶನಿವಾರ ಬೆಳಿಗ್ಗೆ ಊರಿಗೆ ಹಾಲು ಬರಲಿಲ್ಲ. ಮಲ್ಲಪ್ಪ, ಅವನ ಅಣ್ಣತಮ್ಮಂದಿರು, ಅವನ ಬೀಗರು ಎಲ್ಲರೂ ಒಟ್ಟಾಗಿ ಹಾಲು ನಿಲ್ಲಿಸಿದ್ದರು. ಊರು ಕರಿಕಾಫಿ ಕುಡಿದು ಕರಿಯ ಮುಖ ಮಾಡಿಕೊಂಡಿತು. ಚೇರ್ಮನ್ನರು ಹಲ್ಲುಜ್ಜುತ್ತಲೇ ನಮ್ಮ ಮನೆಗೆ ಬಂದರು.

"ಮೇಷ್ಟ್ರ, ನಮ್ಮವ್ವ ಮುಂಜಾನಿಂದ ಕಾಫಿ ಕುಡಿದಿಲ್ಲ. ಮನ್ಯಾಗ ನಿಂದ್ರಾಕ ಬಿಡವಲ್ಲಳು. ನಿಮ್ಮ ಹಕ್ಕಿನೋ ನಮ್ಮ ಹಾಲೋ, ಒಂದು ತೀರ್ಮಾನ ಮಾಡ್ರಿ!"

ಅವರು ಹೋದ ಬೆನ್ನಲ್ಲೇ ಮಲ್ಲಪ್ಪ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಎಮ್ಮೆ ಹೊಡೆಯುವ ಕೋಲು.

"ನಮಸ್ಕಾರ್ರಿ ಮೇಷ್ಟ್ರ. ನನ್ನ ಹೊಟ್ಟಿ ಮ್ಯಾಲೆ ಹೊಡಿಯಾಕ ನಿಮಗ ಅಷ್ಟು ದೂರದಿಂದ ಹಕ್ಕಿ ತರಸಬೇಕಾಗಿತ್ತೇನ್ರಿ?"

"ನಾ ತರಿಸಿಲ್ಲೋ ಮಲ್ಲಪ್ಪ. ತಾನಾ ಬಂದೈತಿ."

"ಬಂದ್ರ ಬರ್ಲಿ. ನಾಳೆ ಮುಂಜಾನಿ ಎಲ್ಲಾರ ಮುಂದ ಅದು ನನ್ನ ಹಾಲು ಕುಡೀಬೇಕು. ಕುಡಿಸೋ ಭಾರ ನಿಮ್ಮದು. ಕುಡಿಲಿಲ್ಲಾಂದ್ರ ನನ್ನ ಹನ್ನೊಂದು ಎಮ್ಮಿ ನಿಮ್ಮ ಹೊಂಡಕ್ಕ ಇಳಸ್ತೀನಿ. ಅವಾದ್ರೂ ನೀರು ಕುಡೀಲಿ!"

ನಾನು ಗಂಭೀರವಾಗಿ ಒಪ್ಪಿಕೊಂಡೆ. ಹಂಸ ಹಾಲು ಮುಟ್ಟದಿದ್ದದ್ದು ಜನಕ್ಕೆ ನಾಚಿಕೊಂಡು. ದಡಕ್ಕೆ ಬರಲೊಲ್ಲದು ಎಂದರೆ ನಾವೇ ದ್ವೀಪಕ್ಕೆ ಹೋಗಿ ಅದರ ಕೊಕ್ಕಿನ ಮುಂದೆ ಹಾಲು ಹಿಡಿದರಾಯಿತು! ದ್ವೀಪಕ್ಕೆ ಹೋಗಲು ಏನು ಬೇಕು? ನೌಕೆ! ಎದೆಮಟ್ಟದ ನೀರಿನಲ್ಲಿ ನಡೆದುಕೊಂಡೇ ಹೋಗಬಹುದಿತ್ತು. ಆದರೆ ದೊರೆ ಬರುವ ದಿನ ಗೌರವ ಕಾರ್ಯದರ್ಶಿ ಒದ್ದೆ ಪಂಚೆಯಲ್ಲಿ ನಿಲ್ಲುವುದು ಶೋಭೆಯೇ?

"ಈಗಾದ್ರೂ ನನ್ನ ಮಾತು ಒಂದು ಕೇಳ್ರಿ" ಎಂದಳು ಪಾರ್ವತಿ.

"ಸೋಮವಾರ ಹೇಳು" ಎಂದೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ಅಂಬಿಗರ ಹುಲುಗಪ್ಪ ಹಂಪಿಯ ಹೊಳೆಯಿಂದ ಮೀನು ಹಿಡಿಯುವ ಒಂದು ಸಣ್ಣ ಹರಿಗೋಲನ್ನು ಬಂಡಿಯಲ್ಲಿ ಹೇರಿಕೊಂಡು ಬಂದ. ಬುಟ್ಟಿಯ ಹಾಗೆ ದುಂಡಗಿರುವ ದೋಣಿ. ಬಂಡಿ ಇಳಿದು ಸುತ್ತಲೂ ನೋಡಿದ.

"ಹೊಳಿ ಎಲ್ಲೈತ್ರಿ?"

"ಇದಾ."

"ಇದಾ?" ಅವನು ಕೊಳವನ್ನೂ ನನ್ನನ್ನೂ ಸರದಿಯಾಗಿ ನೋಡಿದ. "ನಾ ಇದರಾಗ ಇಳಿಯಾಂಗಿಲ್ರಿ. ಇದರಾಗ ಹುಟ್ಟು ಹಾಕಿದ್ನಂದ್ರ ನಮ್ಮ ಮಂದಿ ಹೆಣ್ಣು ಕೊಡಾಂಗಿಲ್ಲ."

"ನಿನ್ನ ಲಗ್ನ ಆಗಿ ಇಪ್ಪತ್ತು ವರ್ಷ ಆತಲ್ಲೋ!"

"ನನಗಲ್ರಿ, ನನ್ನ ಮಗಗ!"

ಆಗಲಿ, ಹುಟ್ಟು ಹಾಕುವುದೇನು ಮಹಾ ವಿದ್ಯೆಯೇ? ರುಮಾಲು, ಕರಿಕೋಟು, ಇಸ್ತ್ರಿ ಮಾಡಿದ ಪಂಚೆಯ ಸಮೇತ ನಾನೇ ಹರಿಗೋಲು ಹತ್ತಿ ಕುಳಿತೆ. ಎಡಗೈಯಲ್ಲಿ ಮಲ್ಲಪ್ಪ ಆಗತಾನೇ ಎಲ್ಲರ ಎದುರು ಕರೆದುಕೊಟ್ಟ ಹಾಲಿನ ಕಂಚಿನ ಬಟ್ಟಲು. ಬಲಗೈಯಲ್ಲಿ ಹುಟ್ಟು. ದಡದ ತುಂಬ ಜನ. ಚೇರ್ಮನ್ನರು ಹಾರ ಹಿಡಿದು ನಿಂತಿದ್ದರು. ಮಲ್ಲಪ್ಪನ ಹಿಂದೆ ಹನ್ನೊಂದು ಎಮ್ಮೆಗಳು. ನಾನು ಹಂಸದ ದಿಕ್ಕಿಗೆ ಗುರಿಯಿಟ್ಟು ಜೋರಾಗಿ ಒಂದು ಹುಟ್ಟು ಹಾಕಿದೆ.

ಹರಿಗೋಲು ಮುಂದೆ ಹೋಗಲಿಲ್ಲ. ತಿರುಗಿತು. ಇನ್ನೊಂದು ಹುಟ್ಟು ಹಾಕಿದೆ. ಇನ್ನೂ ಜೋರಾಗಿ ತಿರುಗಿತು! ಭೂಮಿ ತನ್ನ ಸುತ್ತ ತಾನು ತಿರುಗುತ್ತದೆ ಎಂದು ಹದಿನೈದು ವರ್ಷ ಬಾಯಲ್ಲಿ ಪಾಠ ಮಾಡಿದ್ದೆ. ಅಂದು ಮಾಡಿ ತೋರಿಸಿದೆ.

ನನ್ನ ಕಣ್ಣ ಮುಂದೆ ಹಂಸ, ಬೇವಿನ ಮರ, ಚೇರ್ಮನ್ನರು, ಮಲ್ಲಪ್ಪ ಸಾಲಾಗಿ ಹೋದರು. ಮತ್ತೆ ಹಂಸ, ಬೇವಿನ ಮರ, ಚೇರ್ಮನ್ನರು, ಮಲ್ಲಪ್ಪ. ದಡದಿಂದ ಹುಲುಗಪ್ಪ, "ಹುಟ್ಟು ಮುಂದ ಹಾಕ್ರಿ, ಮುಂದ!" ಎಂದು ಕೂಗುತ್ತಿದ್ದ. ತಿರುಗುವ ಬುಟ್ಟಿಗೆ ಮುಂದೆ ಯಾವುದು, ಹಿಂದೆ ಯಾವುದು? ಮತ್ತೆ ಹಂಸ, ಬೇವಿನ ಮರ, ಚೇರ್ಮನ್ನರು, ದೊರೆ!

ದೊರೆ! ಏಳೂವರೆಗೆ ಬರುತ್ತೇನೆ ಎಂದವರು ಏಳಕ್ಕೇ ಬಂದಿದ್ದರು. ದೊರೆಯ ಮುಂದೆ ಕುಳಿತಿರುವುದು ಹೇಗೆ? ಸರಕಾರದ ಸಂಬಳ ತಿನ್ನುವವನು ನಾನು. ತಟ್ಟನೆ ಎದ್ದು ನಿಂತು ಸಲಾಮು ಹೊಡೆದೆ.

ತಿರುಗುವ ಹರಿಗೋಲಿನಲ್ಲಿ ಯಾರೂ ಎದ್ದು ನಿಂತು ಸಲಾಮು ಹೊಡೆಯಬಾರದು. ಇದು ಯಾವ ಭೂಗೋಳದ ಪುಸ್ತಕದಲ್ಲೂ ಇಲ್ಲ. ಇರಬೇಕಾಗಿತ್ತು.

ನಾನು ಬಟ್ಟಲಿನ ಸಮೇತ ನೀರಿಗೆ ಬಿದ್ದೆ. ತಲೆ ಎತ್ತಿದಾಗ ನನ್ನ ಸುತ್ತಲೂ ಕೊಳ ಬೆಳ್ಳಗೆ ಕಾಣುತ್ತಿತ್ತು. ದಡದಲ್ಲಿ ಮಲ್ಲಪ್ಪ ಎರಡೂ ಕೈ ಮೇಲೆತ್ತಿ ಕೂಗಿದ.

"ನೋಡ್ರೆಪ್ಪೋ! ನನ್ನ ಹಾಲಿಗೆ ನೀರು ಬೆರಸಿದಾತ ಯಾರಂತ ಎಲ್ಲಾರೂ ಕಣ್ಣಾರೆ ನೋಡ್ರಿ!"

ಅಷ್ಟು ಹೇಳಿ ಕೋಲು ಎತ್ತಿದ. ಹನ್ನೊಂದು ಎಮ್ಮೆಗಳೂ ಅದಕ್ಕೇ ಕಾಯುತ್ತಿದ್ದವೇನೋ, ಒಟ್ಟಿಗೆ ಇಳಿದವು. ಮೊದಲನೆಯದು ನನ್ನ ಪರ್ಯಾಯ ದ್ವೀಪವನ್ನು ತುಳಿದು ಕೆಸರು ಮಾಡಿತು. ಎರಡು ಜಲಸಂಧಿಯಲ್ಲಿ ಸಿಕ್ಕಿಕೊಂಡು ಅದನ್ನು ಅಗಲ ಮಾಡಿದವು. ಎಲ್ಲಕ್ಕಿಂತ ದಪ್ಪನೆಯ ಎಮ್ಮೆ ನೇರವಾಗಿ ದ್ವೀಪಕ್ಕೆ ಹೋಯಿತು. ಹಂಸ ಅದನ್ನು ಒಂದು ಸಲ ನೋಡಿ, ಜಾಗ ಬಿಟ್ಟುಕೊಟ್ಟು ಮೇಲೆದ್ದಿತು. ಎಮ್ಮೆ ಅಲ್ಲಿ ಮಲಗಿತು. ದ್ವೀಪ ಮುಳುಗಿತು. ನನ್ನ ಕಣ್ಣಿನಲ್ಲಿ ನೀರು ಬಂತು, ಮೊದಲೇ ಮುಖವೆಲ್ಲ ನೀರಾಗಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಆಗ ಆಕಾಶದಲ್ಲಿ 'ಆಂಗ್ ಆಂಗ್' ಎಂದು ಸದ್ದಾಯಿತು. ಎಲ್ಲರೂ ತಲೆಯೆತ್ತಿದೆವು. ಒಂದಲ್ಲ, ಎರಡಲ್ಲ, ನೂರಾರು ಹಂಸಗಳು! ಅದೇ ಬೂದು ಮೈ, ಅದೇ ಬಿಳಿ ತಲೆ. ಬಾಣದ ತುದಿಯ ಹಾಗೆ ಸಾಲುಗಟ್ಟಿ ಊರಿನ ಮೇಲಿಂದ ಕಮಲಾಪುರದ ಕಡೆಗೆ ಹೋಗುತ್ತಿದ್ದವು. ನನ್ನದು ಆ ಸಾಲಿನ ಕೊನೆಗೆ ಸೇರಿಕೊಂಡಿತು. ಆಮೇಲೆ ನನ್ನದು ಯಾವುದೆಂದು ನನಗೇ ಗುರುತು ಸಿಗಲಿಲ್ಲ.

ದೊರೆ ದುರ್ಬೀನು ಇಳಿಸಿದರು. ಅವರು ಪರೀಕ್ಷೆ ಕಟ್ಟಿ ಕನ್ನಡ ಕಲಿತವರು. ಅವರ ಕನ್ನಡದಲ್ಲಿ ತಪ್ಪಿರಲಿಲ್ಲ, ಅದೇ ತಾಪತ್ರಯ.

"ಉಪಾಧ್ಯಾಯರೇ, ಈ ಪಕ್ಷಿಯು ಅಪೂರ್ವವಲ್ಲ. ಇದು ಚಳಿಗಾಲದಲ್ಲಿ ಕಮಲಾಪುರದ ಕೆರೆಯಲ್ಲಿ ಬಹಳವಾಗಿ ಇರುತ್ತದೆ. ಹಿಂದಿನ ಭಾನುವಾರ ನಾನು ಎರಡನ್ನು ತಿಂದೆನು."

ಗೆದ್ದಲು ತಿಂದ ಅರ್ಧ ಪುಟದಲ್ಲಿ ಏನಿತ್ತು ಎಂದು ನನಗೆ ಆಗ ತಿಳಿಯಿತು. ದಡದ ಮೇಲೆ ಚೇರ್ಮನ್ನರ ತಾಯಿ ಎರಡೂ ಕೆನ್ನೆ ಬಡಿದುಕೊಂಡರು. "ಸರಸ್ವತಿ ವಾಹನ ತಿಂದ್ನಂತಲ್ಲೇ! ಅದೂ ಎರಡು!"

ಚೇರ್ಮನ್ನರು ಹಾರವನ್ನು ದೊರೆಗೆ ಹಾಕಿ, ಕೈಮುಗಿದು, "ಸೊಳ್ಳೆಗಳ ಉಪದ್ರವ. ಈ ಹೊಂಡ ನಾಳೆ ಮುಚ್ಚಿಬಿಡ್ತೀವಿ ದೊರೆ" ಎಂದರು. ಎದೆಮಟ್ಟದ ನೀರಿನಲ್ಲಿ, ಎರಡು ಎಮ್ಮೆಗಳ ನಡುವೆ ನಿಂತು ನಾನು ದೊರೆಯ ಬಾಯಿಯನ್ನೇ ನೋಡಿದೆ.

ದೊರೆ ಕೊಳವನ್ನು ನೋಡಿದರು. ಎಮ್ಮೆಗಳು ಕಣ್ಣು ಮುಚ್ಚಿ ಮೂಗು ಮಾತ್ರ ಮೇಲಿಟ್ಟು ಸುಖವಾಗಿದ್ದವು. ಅವರಿಗೆ ನಗು ಬಂತೆಂದು ಕಾಣುತ್ತದೆ. ಮೀಸೆ ಅಲ್ಲಾಡಿತು.

"ಮುಚ್ಚುವುದು ಏಕೆ? ಎಮ್ಮೆಗಳಿಗೆ ಇದು ಅತ್ಯುತ್ತಮವಾಗಿದೆ. ಇರಲಿ. ಮೇಲೆ ಸೀಮೆಎಣ್ಣೆ ಹಾಕಿರಿ, ಸೊಳ್ಳೆ ಸಾಯುವುದು" ಎಂದು ಹೇಳಿ ಕುದುರೆ ಹತ್ತಿದರು.

ಸೋಮವಾರದ ಮೀಟಿಂಗಿನಲ್ಲಿ ನಿರ್ಣಯವಾಯಿತು. ಲಾರಿಗಳು ಬರಲಿಲ್ಲ. 'ಊರಿನ ಎಮ್ಮೆಗಳ ಹಿತವನ್ನು ಮನಸ್ಸಿನಲ್ಲಿಟ್ಟು ಕೊಳ ತೋಡಿಸಿದ ದೂರದೃಷ್ಟಿಗಾಗಿ ಗೌರವ ಕಾರ್ಯದರ್ಶಿಗಳಿಗೆ ವಂದನೆಗಳು' ಎಂದು ಬರೆದು ಎಲ್ಲರೂ ಸಹಿ ಮಾಡಿದರು. ನಾನು ಆ ಕಾಗದ ಹಿಡಿದು ಮನೆಗೆ ಬಂದೆ. ಪಾರ್ವತಿ ಬಾಗಿಲಲ್ಲೇ ಕುಳಿತಿದ್ದಳು.

"ಇವತ್ತು ಸೋಮವಾರ. ಹೇಳ್ಲೇನ್ರಿ?"

"ಹೇಳು" ಎಂದೆ.

"ಆ ಹಕ್ಕಿ ನಮ್ಮ ಕಂಪ್ಲಿ ಗದ್ಯಾಗ ವರ್ಷಾ ಚಳಿಗಾಲಕ್ಕ ಸಾವಿರಗಟ್ಟಲೆ ಬರ್ತಾವ್ರಿ. ಪೈರು ತಿಂತಾವಂತ ನಮ್ಮಣ್ಣ ಡಬ್ಬಾ ಬಡಿದು ಓಡಸ್ತಾನ. ನಾನೂ ಸಣ್ಣಾಕಿ ಇದ್ದಾಗ ಕವಣಿ ಬೀಸಿ ಓಡಿಸೀನಿ."

"ಮೊದಲಾ ಹೇಳಬೇಕಿಲ್ಲೇನು?"

ಅವಳು ಎದ್ದಳು. ಒಳಗೆ ಹೋದಳು. ಒಳಗಿನಿಂದ ಪಾತ್ರೆಗಳು ಉತ್ತರ ಕೊಟ್ಟವು.

ಇಷ್ಟಾದರೂ ಆ ಹಕ್ಕಿಯಿಂದ ಊರಿಗೆ ಒಂದು ಉಪಕಾರವಾಯಿತು ಎಂದು ಒಪ್ಪಬೇಕು. ಚಳಿಗಾಲ ಮುಗಿಯುವವರೆಗೆ ದಿನವೂ ಬೆಳಿಗ್ಗೆ ಹಿಂಡು ಹಿಂಡಾಗಿ ಅವು ಊರಿನ ಮೇಲೆ ಹಾರುತ್ತಿದ್ದವು. 'ಆಂಗ್ ಆಂಗ್' ಎಂದು ಕೇಳಿದ ಕೂಡಲೇ ಹೆಂಗಸರು ತಂಬಿಗೆ ಹಿಡಿದು ಹೊರಗೆ ಬಂದು ಮಲ್ಲಪ್ಪನ ಮುಖ ನೋಡುತ್ತಿದ್ದರು. ದೊರೆ ತಿಂದರೂ ಸರಿ, ಅಣ್ಣಂದಿರು ಓಡಿಸಿದರೂ ಸರಿ, ಅವರ ಪಾಲಿಗೆ ಅದು ಹಂಸವೇ. ಮಲ್ಲಪ್ಪನಿಗೂ ಒಳಗೊಳಗೇ ಹೆದರಿಕೆ. ಊರಿಗೆಲ್ಲ ಕೆನೆ ಕಟ್ಟುವ ಹಾಲು ಬರತೊಡಗಿತು. ಚೇರ್ಮನ್ನರ ತಾಯಿ ಎರಡು ಲೋಟ ಕಾಫಿ ಕುಡಿದು ನನ್ನನ್ನು ಹರಸಿದರು.

ನಮ್ಮ ಮನೆಗೆ ಬರುವ ಹಾಲಿನಲ್ಲಿ ಮಾತ್ರ ಬಟ್ಟಲಿನ ತಳ ಕಾಣುತ್ತಿತ್ತು. ಒಂದು ದಿನ ತಡೆಯಲಾರದೆ ಮಲ್ಲಪ್ಪನನ್ನು ಕೇಳಿದೆ.

"ಏನ್ ಮಾಡ್ಲಿ ಮೇಷ್ಟ್ರ?" ಎಂದ ಅವನು, ಬಹಳ ವಿನಯದಿಂದ. "ಊರ ಮಂದಿಗೆಲ್ಲಾ ಗಟ್ಟಿ ಹಾಲು ಕೊಡಬೇಕು. ದಿನಾ ಹಾಕೋ ನೀರು ಎಲ್ಲ್ಯಾದ್ರೂ ಹಾಕಬೇಕಲ್ರಿ?"

ಅವನ ಎಮ್ಮೆಗಳು ಆಗ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಕೊಳದಲ್ಲೇ ಇರುತ್ತಿದ್ದವು. ಅವನು ಹಾಲು ಕರೆಯುವುದೂ ಅದರ ದಡದಲ್ಲೇ. ಆದ್ದರಿಂದ ಆ ನೀರು ಯಾವ ನೀರು ಎಂದು ನಾನು ಕೇಳಲು ಹೋಗಲಿಲ್ಲ. ಸೀಮೆಎಣ್ಣೆಯ ವಾಸನೆಯೇ ಹೇಳುತ್ತಿತ್ತು.

ಅಂತೂ ನನ್ನ ಕೊಳ ಉಳಿಯಿತು. ಅಂದಿನಿಂದ ಅದರಲ್ಲಿ ಅರ್ಧ ಸೇರು ದಿನಾ ಬೆಳಿಗ್ಗೆ ನಮ್ಮ ಮನೆಗೇ ಬರತೊಡಗಿತು!